ಪದ ಬೇಕು: ತಾರಾಲಯ ತಂತ್ರಾಂಶದ ಪಟ್ಟಿಯಲ್ಲಿ ‘ದೋಷ ಪರಿಹಾರ’ ಬೇಡ, ಹಾಗಾದರೆ ಏನು?

ಉಡುಪಿಯಿಂದ, ಬುಧವಾರ ರಾತ್ರಿ

ಎಲ್ಲರಿಗೂ ನಮಸ್ಕಾರ.

ಶುಕ್ರವಾರ ಬೆಳಿಗ್ಗೆಯೊಳಗೆ ಒಂದು ಪದ ಬೇಕಾಗಿದೆ. ನಮ್ಮ ಹೈಸ್ಕೂಲಿನ ಕಂಪ್ಯೂಟರ್ ಕೋಣೆಯಲ್ಲಿ ಆಕಾಶ ತೋರಿಸುವ ಉಚಿತ ತಂತ್ರಾಂಶವೊಂದನ್ನು ಹಾಕಿದ್ದೇವೆ. ಊರು, ದಿನ, ಗಂಟೆ ಕೊಟ್ಟರೆ ಆ ಹೊತ್ತಿನ ಆಕಾಶ ಪರದೆಯ ಮೇಲೆ ಬರುತ್ತದೆ. ಮಳೆಗಾಲದ ನಾಲ್ಕು ತಿಂಗಳು ನಮ್ಮ ಮಕ್ಕಳು ನಕ್ಷತ್ರ ನೋಡುವುದು ಅದರಲ್ಲೇ. ಮೊನ್ನೆ ಹೊಸ ಆವೃತ್ತಿ ಬಂತು, ಜೊತೆಗೆ ಏನೇನು ಸರಿಮಾಡಿದ್ದಾರೆ ಎಂಬ ಉದ್ದದ ಪಟ್ಟಿಯೂ ಬಂತು. ಹಳೆಯದನ್ನು ನೋಡಿ ಮಕ್ಕಳು ಪುಸ್ತಕದಲ್ಲಿ ಬರೆದುಕೊಂಡ ಕೆಲವು ಅಂಕಿಗಳು ಈಗ ಹೊಂದುವುದಿಲ್ಲ. ಹಾಗಾಗಿ ಪಟ್ಟಿಯನ್ನು ಕನ್ನಡ ಮಾಡಿ ಗೋಡೆಗೆ ಅಂಟಿಸಬೇಕು.

ಬಗ್ ಫಿಕ್ಸ್‌ಗೆ (ತಂತ್ರಾಂಶದ ತಪ್ಪು ಸರಿಮಾಡುವುದಕ್ಕೆ) ಅಲ್ಲಲ್ಲಿ ‘ದೋಷ ಪರಿಹಾರ’ ಎಂದು ನೋಡಿದ್ದೆ, ಅದನ್ನೇ ಬರೆದೆ. ಕರಡಿನ ಮೊದಲ ಮೂರು ಸಾಲು ಹೀಗಿದ್ದವು:

ಶನಿ: ಉಂಗುರದ ನೆರಳಿನ ದೋಷ ಪರಿಹಾರ.
ಮಂಗಳ: ಉಪಗ್ರಹ ಸ್ಥಾನದ ದೋಷ ಪರಿಹಾರ.
ರಾಹು (ಚಂದ್ರಪಥದ ಆರೋಹಿ ಪಾತ): ರೇಖಾಂಶ ದೋಷ ಪರಿಹಾರ.

ಬಿಸಿಯೂಟದ ಅಕ್ಕ ಚಾ ತಂದವರು ಹಾಳೆಯ ಮುಂದೆ ನಿಂತರು. ಪಾತ್ರೆ ತೊಳೆದ ಒದ್ದೆ ಬೆರಳನ್ನು ಮೊದಲ ಸಾಲಿನ ಕೆಳಗೆ ಇಟ್ಟು ನಿಧಾನಕ್ಕೆ ಓದಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: ‘ಟೀಚರೇ, ಇದ್ರಲ್ಲಿ ಶನಿ ದೋಷಕ್ಕೆ ಪರಿಹಾರ ಹೇಳ್ತದಾ? ಮಗಂದು ಜಾತಕ ನಾಳೆ ತರ್ಲಾ?’ ಬೆರಳಿಟ್ಟ ಕಡೆ ಶಾಯಿ ಹರಡಿತ್ತು.

ಅವರು ತಪ್ಪು ಓದಲಿಲ್ಲ. ಶನಿಯ ಪಕ್ಕ ದೋಷ, ದೋಷದ ಪಕ್ಕ ಪರಿಹಾರ ಬಂದರೆ ಕನ್ನಡದಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ. ಕುಕ್ಕೆ ಬಸ್ಸಿನಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಗ್ರಹದ ಹೆಸರಿನ ಪಕ್ಕ ನಿಂತರೂ ಅರ್ಥ ಕೆಡದ ಪದ ಬೇಕು. ‘ಅಪ್‌ಡೇಟ್’ಗೂ ಒಂದು ಹೇಳಿ. ‘ನವೀಕರಣ’ ಎಂದರೆ ನನಗೆ ಲೈಸೆನ್ಸ್ ನೆನಪಾಗುತ್ತದೆ.

ಮಂಗಳೂರಿನಿಂದ, ಬುಧವಾರ ರಾತ್ರಿ

ಬಗ್ ಎಂದೇ ಬರೆಯಿರಿ, ಮುಗಿಯಿತು. ಮಕ್ಕಳಿಗೆ ಗೊತ್ತಿರುವ ಪದ.

ಅಪ್‌ಡೇಟ್ ವಿಷಯದಲ್ಲಿ ಮಾತ್ರ ಜಾಗ್ರತೆ. ಈ ತಂತ್ರಾಂಶಗಳಲ್ಲಿ ಎರಡು ಬೇರೆ ಕೆಲಸಕ್ಕೆ ಅದೊಂದೇ ಹೆಸರು. ಒಂದು, ಪ್ರೋಗ್ರಾಮೇ ಬದಲಾಗುವುದು. ಸ್ಟೆಲೇರಿಯಂ ಎಂಬ ತಾರಾಲಯ ತಂತ್ರಾಂಶ ಇಪ್ಪತ್ತು ವರ್ಷ ಸೊನ್ನೆಯಿಂದ ಶುರುವಾಗುವ ಸಂಖ್ಯೆಗಳಲ್ಲೇ ಇದ್ದು 2022ರ ಅಕ್ಟೋಬರಿನಲ್ಲಿ 1.0ಕ್ಕೆ ಬಂತಲ್ಲ, ಆ ಬಗೆಯದು. ಇನ್ನೊಂದು, ಪ್ರೋಗ್ರಾಂ ಹಾಗೆಯೇ ಇದ್ದು ಒಳಗಿನ ಅಂಕಿ ಬದಲಾಗುವುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲಿಯೂ ತೆಳುವಾಗಿ ಗಾಳಿ ಉಂಟು, ನಿಲ್ದಾಣವನ್ನು ಕೆಳಗೆ ಎಳೆಯುತ್ತಲೇ ಇರುತ್ತದೆ. ನಡುನಡುವೆ ಎಂಜಿನ್ ಉರಿಸಿ ಮೇಲಕ್ಕೆತ್ತುತ್ತಾರೆ. ಹಾಗಾಗಿ ಕಕ್ಷೆಯ ಅಂಕಿ ಕೆಲವೇ ದಿನಗಳಲ್ಲಿ ಹಳಸುತ್ತದೆ. ತಿಂಗಳ ಹಿಂದಿನ ಅಂಕಿ ನಂಬಿ ಮಕ್ಕಳನ್ನು ಮಲ್ಪೆ ಕಡಲ ಬದಿಗೆ ಕರೆದುಕೊಂಡು ಹೋದರೆ ನಿಲ್ದಾಣ ಹೇಳಿದ ನಿಮಿಷಕ್ಕೆ ಬರುವುದಿಲ್ಲ. ಇವೆರಡಕ್ಕೂ ಒಂದೇ ಪದ ಹಾಕಬೇಡಿ.

ಕಾರ್ಕಳದಿಂದ, ಗುರುವಾರ ಬೆಳಿಗ್ಗೆ

ಮನೆಯಲ್ಲಿ ಪದ ಇಟ್ಟುಕೊಂಡು ಇಂಗ್ಲಿಷಿನ ಅಂಗಳಕ್ಕೆ ಓಡುವುದು ಸೋಮಾರಿತನ. ಬಗ್‌ಗೆ ಕನ್ನಡ ‘ಹುಳುಕು’. ಪುೞು, ಅದರಿಂದ ಹುಳು. ಹುಳು ತಿಂದದ್ದು ಹುಳುಕು. ಹುಳುಕು ಹಲ್ಲು, ಹುಳುಕು ಬದನೆ ಎನ್ನುವುದಿಲ್ಲವೇ? ತುಳುವಿನ ‘ಪುರಿ’ ಇದೇ ಬೇರಿನದು. ಹಳಗನ್ನಡದ ೞಕಾರ ಇದ್ದ ಕಡೆ ತುಳುವಿನಲ್ಲಿ ರಕಾರ ಬರುವುದಕ್ಕೆ ಕೋೞಿ–ಕೋರಿ ಜೋಡಿಯೇ ಸಾಕ್ಷಿ. ಇಂಗ್ಲಿಷಿನವರೂ ಹುಳದ ಹೆಸರನ್ನೇ ಹಿಡಿದದ್ದು. 1947ರಲ್ಲಿ ಹಾರ್ವರ್ಡಿನ ಮಾರ್ಕ್ 2 ಕಂಪ್ಯೂಟರಿನ ರಿಲೇ ಎಂಬ ಸ್ವಿಚ್ಚಿನೊಳಗೆ ಸಿಕ್ಕಿದ ಪತಂಗವನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟಿದ್ದಾರೆ. ಪದ ಅದಕ್ಕಿಂತಲೂ ಹಳೆಯದು, ಎಡಿಸನ್ 1878ರ ಕಾಗದದಲ್ಲೇ ಬಳಸಿದ್ದಾನೆ. ‘ಹುಳುಕು ತೆಗೆದದ್ದು’ ಎಂದು ಬರೆಯಿರಿ. ಇದಕ್ಕಿಂತ ಸರಿಯಾದದ್ದು ಸಿಕ್ಕುವುದಿಲ್ಲ.

ಉಡುಪಿ, ರಥಬೀದಿಯ ಹತ್ತಿರದಿಂದ, ಗುರುವಾರ ಬೆಳಿಗ್ಗೆ

ಟೀಚರ್ ಅವರೇ, ನೀವು ಕಂಪ್ಯೂಟರಿನವರ ಪದ ಹುಡುಕುತ್ತಿದ್ದೀರಿ. ಆಕಾಶ ಲೆಕ್ಕ ಹಾಕಿದವರ ಪದ ಹುಡುಕಿ. ಗಣಿತದಲ್ಲಿ ಬಂದ ಗ್ರಹ ಕಣ್ಣಿಗೆ ಕಂಡ ಗ್ರಹದೊಡನೆ ಕೂಡದಿದ್ದಾಗ ಮಧ್ಯಮ (ಸರಾಸರಿ) ಗತಿಗೆ ಸೇರಿಸುವ ಅಂಕಿಗೆ ‘ಬೀಜ’ ಎಂದು ಹೆಸರು, ಸೇರಿಸುವ ಕ್ರಿಯೆಗೆ ‘ಸಂಸ್ಕಾರ’. ಕೇರಳದ ಪರಮೇಶ್ವರ ದಶಕಗಟ್ಟಲೆ ಗ್ರಹಣಗಳನ್ನು ನೋಡಿ, ಹಳೆಯ ಲೆಕ್ಕ ಎಲ್ಲಿ ಜಾರುತ್ತದೆ ಎಂದು ಗುರುತು ಮಾಡಿ, 1431ರಲ್ಲಿ ದೃಗ್ಗಣಿತ ಎಂಬ ತಿದ್ದಿದ ಲೆಕ್ಕದ ಪದ್ಧತಿಯನ್ನು ಕೊಟ್ಟ. ನಿಮ್ಮ ಪಟ್ಟಿಯಲ್ಲಿರುವುದು ಅದೇ ಕೆಲಸ. ‘ಬೀಜಸಂಸ್ಕಾರ’ ಎನ್ನಿ. ಮಕ್ಕಳಿಗೆ ತಮ್ಮ ಹಿರಿಯರ ಪರಿಚಯವೂ ಆಗುತ್ತದೆ.

ಕಾರ್ಕಳದಿಂದ, ಗುರುವಾರ ಮಧ್ಯಾಹ್ನ

ಬೇಡ. ಊರಿನಲ್ಲಿ ಸಂಸ್ಕಾರ ಎಂದರೆ ಸರ್ಪಸಂಸ್ಕಾರ, ಇಲ್ಲವೇ ಅಂತ್ಯಸಂಸ್ಕಾರ. ಟೀಚರ್ ಹತ್ತಿ ಬರಲು ನೋಡುತ್ತಿರುವ ಬಾವಿಗೇ ನೀವು ಅವರನ್ನು ಪುನಃ ಇಳಿಸುತ್ತಿದ್ದೀರಿ.

ರಥಬೀದಿಯ ಹತ್ತಿರದಿಂದ, ಗುರುವಾರ ಮಧ್ಯಾಹ್ನ

‘ಹುಳುಕು’ ಮಾತ್ರ ಒಳ್ಳೆಯದೋ? ಹುಳುಕು ಹುಡುಕುವುದು ಎಂದರೆ ಒಬ್ಬರ ಮಾನ ಕಳೆಯುವುದು. ಸಂಬಳವಿಲ್ಲದೆ ರಾತ್ರಿ ಕುಳಿತು ಆ ತಂತ್ರಾಂಶ ಕಟ್ಟಿದವರ ಕೆಲಸದ ಮೇಲೆ ಆ ಪದ ಹಾಕಬಾರದು. ನಿಮ್ಮ ಅಚ್ಚಗನ್ನಡಕ್ಕೆ ಬೇರು ಸಿಕ್ಕಿದರೆ ಸಾಕು, ಪದ ಬೀದಿಯಲ್ಲಿ ಹೇಗೆ ಓಡಾಡುತ್ತದೆ ಎಂಬುದು ಬೇಡ.

ಮಂಗಳೂರಿನಿಂದ, ಗುರುವಾರ ಸಂಜೆ

ಬೀದಿಯಲ್ಲಿ ಓಡಾಡುವ ಪದವನ್ನು ನಾನು ನಿನ್ನೆಯೇ ಕೊಟ್ಟೆ. ಅದಕ್ಕೆ ಸೋಮಾರಿತನ ಎಂಬ ಬಿರುದು ಸಿಕ್ಕಿತು. ಚಾವಿ, ಜನೆಲು, ಬಟಾಟೆ, ಇಸ್ತ್ರಿ: ನಾಲ್ಕೂ ಪೋರ್ಚುಗೀಸರಿಂದ ಬಂದವು. ಇವುಗಳನ್ನು ಬಿಟ್ಟು ಕರಾವಳಿಯಲ್ಲಿ ಒಂದು ದಿನ ಸಂಸಾರ ಮಾಡಲಿಕ್ಕೆ ಆಗುತ್ತದಾ? ಅವು ಬಂದದ್ದರಿಂದ ಕನ್ನಡ ಬಡವಾಗಲಿಲ್ಲ. ಬಗ್ ಬಂದರೂ ಆಗುವುದಿಲ್ಲ.

ಕಾರ್ಕಳದಿಂದ, ಗುರುವಾರ ಸಂಜೆ

ನೀವು ಹೇಳಿದ್ದೆಲ್ಲ ಹೆಸರುಗಳು. ವಸ್ತುವಿನ ಜೊತೆ ಹೆಸರು ಬರುತ್ತದೆ, ಒಪ್ಪಿದೆ. ಎರವಲು ಬಂದ ಕ್ರಿಯೆ ಮಾತ್ರ ತನ್ನ ಕಾಲಮೇಲೆ ನಿಲ್ಲುವುದಿಲ್ಲ, ಪ್ರತಿ ಸಲ ‘ಮಾಡು’ ಎಂಬ ಊರುಗೋಲು ಬೇಕು. ಫಿಕ್ಸ್ ಮಾಡಲಾಗಿದೆ, ಅಪ್‌ಡೇಟ್ ಮಾಡಲಾಗಿದೆ. ಹೀಗೇ ಹೋದರೆ ಕೊನೆಗೆ ಕನ್ನಡದಲ್ಲಿ ಉಳಿಯುವ ಕ್ರಿಯಾಪದ ‘ಮಾಡು’ ಒಂದೇ.

ಮಂಗಳೂರು, ಹಂಪನಕಟ್ಟೆಯಿಂದ, ಗುರುವಾರ ರಾತ್ರಿ

ಎಲ್ಲರ ಪತ್ರ ಓದಿದೆ. ನಾನು ಅಚ್ಚುಮನೆಯಲ್ಲಿ ಕರಡು ನೋಡಿ ಬಾಳಿದವನು, ನನ್ನ ಮಾತು ಅಲ್ಲಿಯದು.

ಟೀಚರೇ, ನೀವು ಹುಡುಕುವ ಪದ ನಿಮ್ಮ ಕೈಯಲ್ಲೇ ಉಂಟು. ತಿದ್ದು. ಹಳೆಯ ರೂಪ ತಿರ್ದು. ಇರ್ದು ಹೋಗಿ ಇದ್ದು ಆದ ಹಾಗೆ ಇದು ತಿದ್ದು ಆಯಿತು. ತಮಿಳಿನಲ್ಲಿ ತಿರುತ್ತು. ಕಿಟೆಲ್ಲರ ನಿಘಂಟು 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಬಂತು. ಅಷ್ಟು ದೊಡ್ಡ ಪುಸ್ತಕ ಅಚ್ಚಿನ ಮೊಳೆ (ಸೀಸದ ಅಕ್ಷರ) ಜೋಡಿಸಿ ಅಚ್ಚಾಗಬೇಕಾದರೆ ಎಷ್ಟು ಸಲ ಕರಡು ತಿದ್ದಿರಬೇಕು, ಯೋಚಿಸಿ. ಮೊಳೆ ತಲೆಕೆಳಗೆ ಕೂತಿತ್ತು, ತಿದ್ದಿದೆವು. ‘ಪ’ ಇರಬೇಕಾದ ಕಡೆ ‘ವ’ ಬಿತ್ತು, ತಿದ್ದಿದೆವು. ಅಚ್ಚಾದ ಮೇಲೆ ಕಣ್ಣಿಗೆ ಬಿದ್ದರೆ ಕೊನೆಯ ಪುಟಕ್ಕೆ ‘ಒಪ್ಪೋಲೆ’ ಅಂಟಿಸುತ್ತಿದ್ದೆವು, ಎಡಗಡೆ ತಪ್ಪು, ಬಲಗಡೆ ಒಪ್ಪು. ನಿಮ್ಮ ಪಟ್ಟಿ ಇದಕ್ಕಿಂತ ಬೇರೆಯಲ್ಲ.

ಇನ್ನೊಂದು ಉಪಯೋಗ ನೋಡಿ. ಮಕ್ಕಳು ಅಕ್ಕಿಯ ಮೇಲೆ ಅಕ್ಷರ ತಿದ್ದುತ್ತಾರೆ. ತಪ್ಪು ಮಾಡಿದ್ದಕ್ಕೆ ಅಲ್ಲ, ಕೈ ಕೂರಲಿ ಎಂದು. ಈ ಪದದಲ್ಲಿ ಬೈಗುಳ ಇಲ್ಲ, ಶಾಪವೂ ಇಲ್ಲ. ‘ಮುದ್ರಣ ದೋಷ’ ಎಂದು ನಾವೂ ಬರೆದಿದ್ದೇವೆ, ಅದರಿಂದ ಯಾರಿಗೂ ಗೊಂದಲ ಆಗಲಿಲ್ಲ. ಮುದ್ರಣಕ್ಕೆ ಜಾತಕ ಇಲ್ಲವಲ್ಲ. ಪದ ಕೆಡುವುದು ಅದರ ಪಕ್ಕ ಯಾರು ಕೂತಿದ್ದಾರೆ ಎಂಬುದರಿಂದ.

‘ಸರಿಪಡಿಸಲಾಗಿದೆ’ ಎಂದು ಮಾತ್ರ ದಯವಿಟ್ಟು ಬರೆಯಬೇಡಿ. ‘ಲಾಗಿದೆ’ ಸರಕಾರಿ ಕಾಗದದ ವಾಸನೆ. ಮೊದಲು ಹೇಗಿತ್ತು ಎಂದು ಹೇಳಿ, ‘ತಿದ್ದಿದೆ’ ಎನ್ನಿ.

ಉಡುಪಿಯಿಂದ, ಶುಕ್ರವಾರ ಬೆಳಿಗ್ಗೆ

ಹಂಪನಕಟ್ಟೆಯ ಹಿರಿಯರಿಗೆ ಕೈಮುಗಿದು ಹೇಳುತ್ತೇನೆ, ‘ತಿದ್ದುಪಡಿ’ ತೆಗೆದುಕೊಂಡೆ. ಸಂವಿಧಾನಕ್ಕೂ ಅದೇ ಪದ ಉಂಟು, ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತು. ಹಾಳೆ ಈಗ ಹೀಗಿದೆ:

ತಿದ್ದುಪಡಿಗಳು
ಶನಿ: ಉಂಗುರದ ನೆರಳು ಗ್ರಹದ ಮೇಲೆ ತಪ್ಪು ಬದಿಗೆ ಬೀಳುತ್ತಿತ್ತು. ತಿದ್ದಿದೆ.
ಮಂಗಳ: ಉಪಗ್ರಹ ಫೋಬೋಸ್ ಇರಬೇಕಾದ ಜಾಗಕ್ಕಿಂತ ಹಿಂದೆ ಕಾಣುತ್ತಿತ್ತು. ತಿದ್ದಿದೆ.
ರಾಹು (ಚಂದ್ರಪಥದ ಆರೋಹಿ ಪಾತ): ರೇಖಾಂಶದ ಅಂಕಿ ತಪ್ಪಿತ್ತು. ತಿದ್ದಿದೆ.
ಹೊಸ ಅಂಕಿ: ಕೃತಕ ಉಪಗ್ರಹಗಳ ಕಕ್ಷೆಯ ಅಂಕಿಯನ್ನು ನೋಡುವ ದಿನ ಬೆಳಿಗ್ಗೆಯೇ ತುಂಬಿಸಿಕೊಳ್ಳಬೇಕು.

ಅಪ್‌ಡೇಟ್‌ಗೆ ಮಂಗಳೂರಿನವರು ಹೇಳಿದಂತೆ ಎರಡು ಮಾಡಿದ್ದೇನೆ. ಪ್ರೋಗ್ರಾಂ ಬದಲಾದರೆ ‘ಹೊಸ ಆವೃತ್ತಿ’, ಕಕ್ಷೆಗಳದ್ದಾದರೆ ‘ಹೊಸ ಅಂಕಿ’. ಒತ್ತುವ ಗುಂಡಿಯ ಮೇಲೆ ‘ಅಪ್‌ಡೇಟ್’ ಎಂದೇ ಬಿಟ್ಟಿದ್ದೇನೆ, ಫೋನಿನಲ್ಲಿ ಮಕ್ಕಳು ದಿನಾ ಒತ್ತುವುದು ಅದನ್ನೇ. ಕಾರ್ಕಳದವರು ಇದಕ್ಕೆ ಒಪ್ಪಲಾರರು ಎಂದು ಗೊತ್ತು.

ರಾಹುವನ್ನು ತೆಗೆದುಬಿಡಿ ಎಂದು ಇಬ್ಬರು ಬೇರೆಯಾಗಿ ಬರೆದರು. ತೆಗೆದಿಲ್ಲ. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆ. ಎರಡೂ ಅಡ್ಡಹಾಯುವ ಜಾಗ ಎರಡು, ಅವೇ ರಾಹು, ಕೇತು. ಅಮಾವಾಸ್ಯೆಯ ಸೂರ್ಯ ಆ ಜಾಗಗಳ ಹತ್ತಿರ ಇದ್ದರೆ ಮಾತ್ರ ಸೂರ್ಯಗ್ರಹಣ. 2019ರ ಡಿಸೆಂಬರ್ 26ರಂದು ಕಾಸರಗೋಡಿನ ಚೆರುವತ್ತೂರಿನಲ್ಲಿ ಕಂಕಣ ಕಂಡದ್ದೂ ಹಾಗೆಯೇ. ಆ ಜಾಗಗಳು ಹಿಮ್ಮುಖವಾಗಿ ಜಾರುತ್ತಾ ಒಂದು ಸುತ್ತು ಬರಲು 18.6 ವರ್ಷ ಬೇಕು. ಇಷ್ಟು ಗೊತ್ತಾದ ಮಗುವಿಗೆ ರಾಹು ಲೆಕ್ಕದ ಬಿಂದು. ಹೆಸರನ್ನು ಅಡಗಿಸಿದರೆ ಅದು ಜಾತಕದಲ್ಲಿ ಮಾತ್ರ ಉಳಿಯುತ್ತದೆ. ಈ ಮಾತಿನಲ್ಲಿ ನಾನು ರಥಬೀದಿಯವರ ಕಡೆಗೆ. ಪರಮೇಶ್ವರನ ಕಥೆಯನ್ನು ಬೇರೆ ಹಾಳೆಯಲ್ಲಿ ಬರೆದು ಪಕ್ಕದಲ್ಲಿ ಅಂಟಿಸುತ್ತೇನೆ.

ಬೆಳಿಗ್ಗೆ ಬಿಸಿಯೂಟದ ಅಕ್ಕನನ್ನು ಕರೆದು ಪುನಃ ಓದಿಸಿದೆ. ಈ ಸಲ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮೊದಲ ಸಾಲಿಗೆ ಇಟ್ಟರು. ‘ಶನಿಗೆ ಉಂಗುರ ಉಂಟಾ ಟೀಚರೇ? ಎಲ್ಲಿ, ತೋರ್ಸಿ.’ ತೋರಿಸಿದೆ. 2025ರ ಮಾರ್ಚಿನಲ್ಲಿ ಉಂಗುರಗಳು ನಮ್ಮ ಕಡೆಗೆ ಅಂಚು ಮಾಡಿ ನಿಂತದ್ದರಿಂದ ಆ ದಿನಾಂಕ ಹಾಕಿದರೆ ಬರೀ ಗೆರೆ, ಹಿಂದಕ್ಕೆ 2017ಕ್ಕೆ ಹೋದರೆ ಅಗಲವಾದ ತಟ್ಟೆ. ಅನ್ನಕ್ಕೆ ನೀರು ಇಟ್ಟದ್ದು ನೆನಪಾಗುವವರೆಗೆ ಅಲ್ಲೇ ನಿಂತಿದ್ದರು.

ಒಂದು ಉಳಿಯಿತು. ಪಟ್ಟಿಯಲ್ಲಿ ‘ಕ್ರ್ಯಾಶ್’ ಐದು ಕಡೆ ಇದೆ. ಸದ್ಯಕ್ಕೆ ‘ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತಿತ್ತು’ ಎಂದು ಬರೆದಿದ್ದೇನೆ. ಇದಕ್ಕಿಂತ ಗಿಡ್ಡ ಯಾರಲ್ಲಾದರೂ ಇದ್ದರೆ ಸೋಮವಾರದೊಳಗೆ ಕಳಿಸಿ, ಎರಡನೆಯ ಹಾಳೆ ಇನ್ನೂ ಅಂಟಿಸಿಲ್ಲ.