ಸಹಾಯ ಬೇಕು: ಹಳದಿ ಇಂಜಿನ್ ಲೈಟ್‌ಗೂ ಏಸಿಗೂ ಏನು ಸಂಬಂಧ?

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ 2014ರ ಪೆಟ್ರೋಲ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಜೊತೆಗೆ ಬರಬೇಕಿದ್ದ ಪುಸ್ತಕ ಸಿಗಲಿಲ್ಲ.

ಕಳೆದ ಭಾನುವಾರ ಮಳೆಯಲ್ಲಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಕೊಟ್ಟಿಗೆಹಾರ ದಾಟಿದ ಮೇಲೆ ಮುಂದಿನ ಗಾಜು ಒಳಗಿನಿಂದ ಪೂರ್ತಿ ಮಂಜಾಯಿತು. ಹೆಂಡತಿ ಬೈರಾಸಿನಲ್ಲಿ ಒರೆಸಿದ್ದೇ ಒರೆಸಿದ್ದು! ಕಾರಿನ ಚಿತ್ರದೊಳಗೆ ಬಾಣ ಸುತ್ತಿರುವ ಬಟನ್ ಒತ್ತಿದೆ, ಇನ್ನೂ ಜಾಸ್ತಿಯಾಯಿತು. ಅದು ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಅಂತೆ. ಅದನ್ನು ಆಫ್ ಮಾಡಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಏಸಿ ಹಾಕಿದ ಮೇಲೆ ಗಾಜು ತಿಳಿಯಾಯಿತು.

ಉಜಿರೆ ತಲುಪುವಷ್ಟರಲ್ಲಿ ಹಳದಿ ಇಂಜಿನ್ ಲೈಟ್ ಬಂತು. ಮಿನುಗುವುದಿಲ್ಲ, ಸುಮ್ನೆ ಉರಿಯುತ್ತಲೇ ಇರುತ್ತದೆ. ಆಯಿಲ್, ಕೂಲೆಂಟ್ ಸರಿಯಾಗಿವೆ. ಟೆಂಪರೇಚರ್ ಮುಳ್ಳು ಅರ್ಧ ದಾಟಿಲ್ಲ. ಪೆಟ್ರೋಲ್ ಮುಚ್ಚಳ ಬಿಗಿ ಮಾಡಿದೆ. ಊರಿನ ಮೆಕ್ಯಾನಿಕ್ ಬ್ಯಾಟರಿ ವೈರ್ ಬಿಚ್ಚಿ ಹಾಕಿದರು, ಲೈಟ್ ಆರಿತು. ಎರಡೇ ದಿನಕ್ಕೆ ಮತ್ತೆ ಹಾಜರು. ಲೈಟ್ ಯಾಕೆ ಬಂತು ಅಂತ ಕಾರಿನ ಕಂಪ್ಯೂಟರ್ ಗುರುತಿಟ್ಟುಕೊಳ್ಳುವ ಕೋಡ್ ಓದುವ ಮೆಷಿನ್ ಅವರ ಹತ್ತಿರ ಇಲ್ಲ.

ತಲೆ ಕೆಟ್ಟಿರುವುದು ಇಲ್ಲಿ. ಲೈಟ್ ಉರಿಯುವಾಗ ಏಸಿ ಒತ್ತಿದರೆ ಬಟನ್‌ನ ದೀಪ ಬರುತ್ತದೆ, ಫ್ಯಾನ್ ಓಡುತ್ತದೆ. ಆದರೆ ಏಸಿ ನಿಜವಾಗಿ ಶುರುವಾಗುವಾಗ ಬಾನೆಟ್ ಒಳಗೆ ಕೇಳುವ ‘ಟಕ್’ ಶಬ್ದ ಇಲ್ಲ, ಗಾಳಿ ತಣ್ಣಗಾಗುವುದಿಲ್ಲ. ಲೈಟ್ ಆರಿದ್ದ ಆ ಎರಡು ದಿನ ಏಸಿ ಚೆನ್ನಾಗಿಯೇ ಇತ್ತು!

ಹಾಗಾದರೆ ಇದು ಒಂದೇ ದೋಷವಾ, ಬೇರೆ ಬೇರೆಯಾ? ಮೊದಲು ಕೋಡ್ ಓದಿಸಲಾ, ಏಸಿಯವರ ಹತ್ತಿರ ಹೋಗಲಾ? ಮುಂದಿನ ವಾರ ಇದೇ ಘಾಟಿ ಹತ್ತಬೇಕು, ಹೀಗೇ ಓಡಿಸಬಹುದಾ?