ಡಿಪ್ಲೊಮಾ ಮಕ್ಕಳಿಗೆ ಉದ್ಯಮ ಕಲಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಬಜ್ಪೆ_ಟೀಚರ್: ನಮ್ಮದು ಮಂಗಳೂರಿನ ಹತ್ತಿರದ ಕಮ್ಯುನಿಟಿ ಕಾಲೇಜು. ಆಹಾರ ಸಂಸ್ಕರಣೆ ಡಿಪ್ಲೊಮಾ, 28 ಮಕ್ಕಳು, ಅರ್ಧದಷ್ಟು ಮಂದಿ ಸಂಜೆ ಕೆಲಸಕ್ಕೆ ಹೋಗುವವರು. ಉದ್ಯಮಶೀಲತೆಗೆ ವಾರಕ್ಕೆ 3 ತಾಸು, ಕೈಯಲ್ಲಿರುವುದು 25,000 ರೂ. ಬಿಸಿನೆಸ್ ಪ್ಲಾನ್ ಸ್ಪರ್ಧೆ ಇಡುವುದಾ, ಏನಾದರೂ ಮಾಡಿ ಮಾರಿಸುವುದಾ?

ಹಲಸು_74: ಸ್ಪರ್ಧೆ ಬೇಡ ಮೇಡಂ. ಕಾಗದದ ಮೇಲೆ ಎಲ್ಲರಿಗೂ ಲಾಭವೇ. ನಮ್ಮ ಹಲಸಿನ ಚಿಪ್ಸ್ ಲೆಕ್ಕ ನೋಡಿ. ಬಲಿತ ಕಾಯಿ 10 ಕಿಲೋಗೆ 150. ಸೊಳೆ ಸಿಕ್ಕುವುದು 3 ಕಿಲೋ, ಕರಿದ ಮೇಲೆ 1 ಕಿಲೋ. ಅದು ಕುಡಿಯುವ ಎಣ್ಣೆ 175. ಗ್ಯಾಸ್ 40. ಮೇಣ ತೆಗೆದು, ಹೆಚ್ಚಿ, ಕರಿಯಲು 3 ತಾಸು, ತಾಸಿಗೆ 60ರಂತೆ ಕೂಲಿ 180. 100 ಗ್ರಾಮಿನ 10 ಕವರು, ಲೇಬಲು 60. ಒಟ್ಟು 605, ಪ್ಯಾಕೆಟಿಗೆ 60.50. ಎಂಆರ್‌ಪಿ 80 ಇಟ್ಟರೆ ಅಂಗಡಿಯವರ ಪಾಲು ಕಳೆದು ಕೈಗೆ 64. 20ರಲ್ಲಿ ಒಂದು ಮೆತ್ತಗಾಗಿ ವಾಪಸ್ ಬಂತೋ, ಬಂದದ್ದು 1,216, ಹೋದದ್ದು 1,210. ಉಳಿಯಿತು 6 ರೂಪಾಯಿ! ಕೂಲಿ ಬರೆಯದಿದ್ದರೆ ಅದೇ 366 ಲಾಭ ಅಂತ ಮಕ್ಕಳು ಕುಣಿಯುತ್ತಾರೆ. ಮಳೆಗಾಲದಲ್ಲಿ ಬಿಸಿಬಿಸಿ ತುಂಬಿದರೆ ಕವರಿನೊಳಗೆ ಬೆವರುತ್ತದೆ, ಆರಿಸಿ ಹಾಗೇ ಬಿಟ್ಟರೆ ತೇವ ಎಳೆಯುತ್ತದೆ. ಆರಿದ ಕೂಡಲೇ ಸೀಲ್.

ತೆಂಗು_ಮಾತ್ರ: ಬಾಣಲೆಯಲ್ಲಿ ಉಳಿದ ಎಣ್ಣೆ ಎಲ್ಲಿ ಹೋಯಿತು ಸ್ವಾಮಿ? ಕಾಯಿಸಿ ಕಾಯಿಸಿ ಎಣ್ಣೆ ಕೆಟ್ಟಂತೆ ಹೆಚ್ಚುವ ಪೋಲಾರ್ ಅಂಶ ಶೇ. 25 ದಾಟಿದ್ದನ್ನು ಬಳಸುವಂತಿಲ್ಲ. ಕೊನೆಗೆ 2 ಲೀಟರ್ ಚೆಲ್ಲಬೇಕಾದರೆ ನಿಮ್ಮ 6 ರೂಪಾಯಿ ಎಲ್ಲಿಗೆ ಸಾಕು? ಮತ್ತೆ ಅದು ತೆಂಗಿನೆಣ್ಣೆಯೋ ಪಾಮೋಲಿನೋ, ಅದನ್ನೇ ಬರೆದಿಲ್ಲ.

ಹಲಸು_74: ತೆಂಗಿನೆಣ್ಣೆಯೇ ಮಾರಾಯ್ರೆ, ಲೀಟರಿಗೆ 400 ಹಿಡಿದದ್ದು. ಕಡಿಮೆಯಾದಷ್ಟೇ ಹೊಸದು ಸೇರಿಸುವುದು. ಎಣ್ಣೆ ಸೋಸುತ್ತಿರಬೇಕು, ತಳದ ಚೂರು ಕರಟಿದರೆ ಇಡೀ ಬಾಣಲೆ ಹಾಳು. ಚೆಲ್ಲಿದ್ದು ಸೇರಿಸಿಲ್ಲ, ಅದು ಸರಿ.

ಪಾಸ್‌ಬುಕ್: ಮಾರುವುದೆಲ್ಲ ಆಮೇಲೆ, ಸಾಲದ ಕಾಗದ ಓದಲು ಮೊದಲು ಕಲಿಸಿ. ಹೊಸ ಉದ್ಯಮಕ್ಕೆ ಸಬ್ಸಿಡಿ ಸಹಿತ ಸಾಲ ಕೊಡಿಸುವ ಕೇಂದ್ರದ ಯೋಜನೆ ಪಿಎಂಇಜಿಪಿಯಲ್ಲಿ ಸಾಮಾನ್ಯ ವರ್ಗಕ್ಕೆ ಪಟ್ಟಣದಲ್ಲಿ ಶೇ. 15, ಹಳ್ಳಿಯಲ್ಲಿ ಶೇ. 25 ಸಬ್ಸಿಡಿ, ಸ್ವಂತದ್ದು ಶೇ. 10. ಹೆಣ್ಣುಮಕ್ಕಳಿಗೆ ಶೇ. 25 ಮತ್ತು 35, ಸ್ವಂತದ್ದು ಶೇ. 5. ಆದರೆ ಆ ಸಬ್ಸಿಡಿ ಕೈಗೆ ಬರುವ ಹಣವಲ್ಲ, 3 ವರ್ಷ ಬ್ಯಾಂಕಿನಲ್ಲೇ ಠೇವಣಿ. ಇದು ಗೊತ್ತಿಲ್ಲದೆ ಅದನ್ನೇ ದುಡಿಯುವ ಬಂಡವಾಳ ಅಂತ ಎಣಿಸಿ ಮೆಷಿನ್ ತಂದವರು ನಾಲ್ಕನೇ ಕಂತಿಗೇ ಮುಗ್ಗರಿಸುತ್ತಾರೆ. ಸಣ್ಣ ಉದ್ಯಮಗಳಿಗೆ ಸರಕಾರದ ಉದ್ಯಮ್ ನೋಂದಣಿ ಉಚಿತ, ದುಡ್ಡು ಕೇಳುವ ವೆಬ್‌ಸೈಟು ಖೋಟಾ.

ಹಲಸು_74: ಸಣ್ಣ ಆಹಾರ ಉದ್ಯಮಗಳಿಗೆಂದೇ ಇರುವ ಪಿಎಂಎಫ್‌ಎಂಇ ಯೋಜನೆ ಬಿಟ್ಟು ಇದನ್ನು ಹೇಳುವುದಾ? ಅಲ್ಲಿ ಸಬ್ಸಿಡಿಯೇ ಶೇ. 35.

ಪಾಸ್‌ಬುಕ್: ಅಲ್ಲಿಯೂ ಸ್ವಂತ ಶೇ. 10 ಬೇಕು, ಅದಕ್ಕೂ ಮೊದಲು ಲೆಕ್ಕ ಬೇಕು. ನಿಮ್ಮದೇ ಆರು ರೂಪಾಯಿಗೆ ನಿಂತಿದೆಯಲ್ಲ! ಕೋರ್ಸ್ ಮುಗಿದವರನ್ನು ಉಜಿರೆಯ ಸ್ವ ಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟಿಗೆ ಕಳಿಸಿ. 1982ರಿಂದ ಉಂಟು, ತರಬೇತಿ, ಊಟ, ವಸತಿ ಎಲ್ಲ ಉಚಿತ.

ಅಟ್ಟೆ_ಚೆಂಡು: ಚಿಪ್ಸಿಗೆ ದರ ನೀವೇ ಇಡಬಹುದು, ಅದರಲ್ಲಿ ಎಂತ ಪಾಠ? ಮಲ್ಲಿಗೆ ಬೆಳೆಯುವ ನಮ್ಮ ಉಡುಪಿಯ ಶಂಕರಪುರಕ್ಕೆ ಕರೆದುಕೊಂಡು ಬನ್ನಿ. ಇಲ್ಲಿ ಮಲ್ಲಿಗೆ ಮಾರುವ ಅಳತೆ ಅಟ್ಟೆ ಮತ್ತು ಚೆಂಡು: ಅಟ್ಟೆಗೆ 4 ಚೆಂಡು, ಚೆಂಡಿಗೆ 800 ಹೂ, ಅಂದರೆ 3,200 ಮೊಗ್ಗು ಕೊಯ್ದು ಕಟ್ಟಬೇಕು. ದರ ದಿನಕ್ಕೊಂದು, ನಮ್ಮ ಕೈಯಲ್ಲಿಲ್ಲ. ಮದುವೆ ಸೀಸನ್ನಿಗೆ ಏರುತ್ತದೆ, ಮಳೆಗಾಲದ ಆಟಿ ತಿಂಗಳಲ್ಲಿ ಕೇಳುವವರಿಲ್ಲ. ನಾಳೆಗೆ ಇಡುವ ಹಾಗೂ ಇಲ್ಲ. ಒಂದು ವಾರ ದರ, ಕಟ್ಟುವ ಕೂಲಿ ಬರೆದುಕೊಂಡರೆ ಸಾಕು, ಒಂದು ಪೈಸೆ ಬಂಡವಾಳ ಬೇಡ.

ತೆಂಗು_ಮಾತ್ರ: ಆಹಾರ ಸಂಸ್ಕರಣೆಯ ಮಕ್ಕಳಿಗೆ ಹೂವಾ? ಉಡುಪಿಯವರಿಗೆ ಎಲ್ಲದಕ್ಕೂ ಮಲ್ಲಿಗೆಯೇ.

ಅಟ್ಟೆ_ಚೆಂಡು: ನಿಮಗೆ ಎಲ್ಲದಕ್ಕೂ ತೆಂಗಿನೆಣ್ಣೆ ಇಲ್ಲವಾ?

ಬಜ್ಪೆ_ಟೀಚರ್: 28 ಮಕ್ಕಳು, 3 ತಾಸು ಅಂದಿದ್ದೆ.

ಹಲಸು_74: 7 ಮಂದಿಯ 4 ತಂಡ, ತಂಡಕ್ಕೆ 5,000, ಉಳಿದ 5,000 ಸೀಲಿಂಗ್ ಮೆಷಿನ್, ತೂಕದ ಕಾಟ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಗೆ. ಲೇಬಲಿನಲ್ಲಿ ಆ ನೋಂದಣಿಯ 14 ಅಂಕಿಯ ನಂಬರು, ನಿವ್ವಳ ತೂಕ, ಪ್ಯಾಕ್ ಮಾಡಿದ ದಿನ, ವಿಳಾಸ ಇರಲಿ. ಸಂಜೆ ಕೆಲಸದವರಿಗೆ ಲೆಕ್ಕ, ಅಂಗಡಿ ವಸೂಲಿ ಕೊಡಿ, ಕರಿಯುವುದು ಬೇಡ. ಹಣ ತಂಡದ ಹೆಸರಿನ ಸಾಲ, ವಾಪಸ್ ಕೊಡಲೇಬೇಕು.

ತೆಂಗು_ಮಾತ್ರ: ಚೆಲ್ಲುವ ಎಣ್ಣೆ ಈಗಲೂ ಸೇರಿಸಿಲ್ಲ.