ಜೊತೆಯವರಿಗೇ ಮುಖ್ಯಸ್ಥೆಯಾದಾಗ ದರ್ಪ ಇಲ್ಲದೆ ಶಾಲೆ ನಡೆಸುವುದು ಹೇಗೆ? ಅನುಭವ ಹೇಳಿ

ಕೇಳಿದವರು: ಸರ್ಕಾರಿ ಶಾಲಾ ಶಿಕ್ಷಕಿ

ನಮ್ಮದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ. ಮುಖ್ಯ ಶಿಕ್ಷಕರು ನಿವೃತ್ತರಾದರು. ಹೊಸಬರು ಬರುವ ತನಕ ಪ್ರಭಾರ ನನಗೆ ಬಂದಿದೆ. ಇಷ್ಟು ದಿನ ಒಟ್ಟಿಗೆ ಡಬ್ಬಿ ಬಿಚ್ಚಿ ಊಟ ಮಾಡಿದವರಿಗೆ ಈಗ ಕೆಲಸ ಹೇಳಬೇಕು. ಸರ್ವಿಸಿನಲ್ಲಿ ನಾನು ಮುಂದೆ, ಆದರೆ ಇಬ್ಬರು ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಜೋರು ಮಾಡುವುದು ನನಗೆ ಬರುವುದಿಲ್ಲ, ಇಷ್ಟವೂ ಇಲ್ಲ. ಸುಮ್ಮನಿದ್ದರೆ ಕೆಲಸ ನಿಂತುಹೋಗುತ್ತದೆ. ಬೇರೆ ಕಡೆ ಕೆಲಸ ಮಾಡುವವರೂ ದಯವಿಟ್ಟು ಹೇಳಿ.

ನಿವೃತ್ತ ಮುಖ್ಯ ಶಿಕ್ಷಕಿ, ತುಮಕೂರು ಜಿಲ್ಲೆ

ಮೇಡಂ, ಮೊದಲು ಚಾರ್ಜ್ ಸರಿಯಾಗಿ ತೆಗೆದುಕೊಳ್ಳಿ. ಪಟ್ಟಿಗೆ ಸುಮ್ನೆ ಸಹಿ ಹಾಕಿ ಬೀಗದ ಕೈ ಇಸ್ಕೊಳ್ಳಬೇಡಿ. ಒಂದು ಶನಿವಾರ ಮಕ್ಕಳು ಹೋದ ಮೇಲೆ ಎಲ್ಲ ಶಿಕ್ಷಕರನ್ನೂ ಸೇರಿಸಿ ಒಂದೊಂದೇ ವಸ್ತು ನೋಡಿ. ಅಕ್ಕಿ ಮೂಟೆ, ಸಿಲಿಂಡರ್, ಆಟದ ಸಾಮಾನು, ಕ್ಯಾಶ್ ಬುಕ್, ಪಾಸ್‌ಬುಕ್, ಎಲ್ಲವನ್ನೂ. ನಾನು ಹೀಗೆ ಮಾಡಿದಾಗ ಬೀರುವಿನಲ್ಲಿ ಕಟ್ಟು ಬಿಚ್ಚದ ಕಥೆ ಪುಸ್ತಕಗಳು ಸಿಕ್ಕವು. ಹರಿದರೆ ಲೆಕ್ಕ ಕೊಡಬೇಕಲ್ಲ ಎಂಬ ಭಯಕ್ಕೆ ಯಾರೂ ಅವನ್ನು ಮಕ್ಕಳ ಕೈಗೆ ಕೊಟ್ಟಿರಲಿಲ್ಲ. ಸೋಮವಾರವೇ ತರಗತಿಗಳಿಗೆ ಹಂಚಿದೆವು. ಕೆಲವು ಹರಿದವು. ರಿಜಿಸ್ಟರಿನಲ್ಲಿ ಹಾಗೇ ಬರೆದೆ, ಮಕ್ಕಳು ಓದಿ ಹರಿದಿವೆ ಅಂತ. ತಪಾಸಣೆಗೆ ಬಂದವರು ಅದಕ್ಕೆ ಏನೂ ಅನ್ನಲಿಲ್ಲ.

ಅವತ್ತು ಎಲ್ಲರೂ ಕೂತು ಎಣಿಸಿದ್ದರಿಂದ ಶಾಲೆಯ ಸಾಮಾನು ಎಲ್ಲರದೂ ಆಯಿತು. ನಾನು ಅದನ್ನು ಮುಂದಿನವರಿಗೆ ಒಪ್ಪಿಸಿ ಹೋಗಬೇಕಾದವಳು, ಅಷ್ಟೇ. ಇದು ತಲೆಯಲ್ಲಿ ಇದ್ದರೆ ದರ್ಪಕ್ಕೆ ಜಾಗ ಕಮ್ಮಿ.

ಎರಡನೆಯದು ಡ್ಯೂಟಿ ಹಂಚಿಕೆ. ಶಿಕ್ಷಕರಲ್ಲಿ ಮನಸ್ತಾಪ ಬರುವುದು ಜಾಸ್ತಿ ಇಲ್ಲೇ. ತರಬೇತಿ, ಮತದಾರರ ಪಟ್ಟಿ, ಸಮೀಕ್ಷೆ ಅಂತ ಹೊರಗಿನ ಕೆಲಸ ಬರುತ್ತಲೇ ಇರುತ್ತದೆ. ನಿಮ್ಮ ಕೈಯಲ್ಲಿ ಇರುವ ಕೆಲಸಕ್ಕೆ ಸರದಿ ಪಟ್ಟಿ ಮಾಡಿ ಸ್ಟಾಫ್ ರೂಮಿನ ಗೋಡೆಗೆ ಹಚ್ಚಿ. ನಿಮ್ಮ ಹೆಸರೂ ಅದರಲ್ಲಿ ಇರಲಿ. ಊಟ ಆದ ಮೇಲಿನ ಏಳನೇ ತರಗತಿ ಗಣಿತ ಯಾರಿಗೂ ಬೇಡ ಅಲ್ವಾ? ಅದನ್ನು ನೀವು ತೆಗೆದುಕೊಳ್ಳಿ.

ಅಡುಗೆಯವರ ಮಾತು ಕೇಳಿ. ಶಾಲೆಯಲ್ಲಿ ಅತಿ ಕಮ್ಮಿ ದುಡ್ಡಿಗೆ ದುಡಿಯುವವರು ಅವರು. ಯಾವ ಮಗು ಎರಡನೇ ಸಲ ಅನ್ನ ಕೇಳುತ್ತದೆ, ಯಾವುದು ಬೆಳಿಗ್ಗೆ ಏನೂ ತಿನ್ನದೆ ಬಂದಿದೆ, ಅವರಿಗೆ ಗೊತ್ತಿರುತ್ತದೆ. ಒಮ್ಮೆ ಬೇಳೆಯಲ್ಲಿ ಹುಳು ಜಾಸ್ತಿ ಎಂದು ನಮ್ಮ ಅಡುಗೆಯಮ್ಮ ಹೇಳಿದರು. ಆರಿಸಿ ಬೇಯಿಸಿ ಎಂದು ಅವರ ಮೇಲೆ ಹಾಕಬಹುದಿತ್ತು. ನಾನು ತಾಲ್ಲೂಕಿನ ಅಕ್ಷರ ದಾಸೋಹ ಕಚೇರಿಗೆ ಬರೆದೆ, ಮೂಟೆ ಬದಲಾಯಿತು. ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಬೇಕು ಎಂಬ ನಿಯಮ ಇದ್ದೇ ಇದೆ. ಸುಮ್ನೆ ಸಹಿ ಹಾಕದೆ, ತಟ್ಟೆ ಹಿಡಿದು ಕೂತು ತಿನ್ನಿ.

ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಗ್ಗೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು. ಆದರೆ ಎಷ್ಟೋ ಕಡೆ ಸಭೆಯೇ ನಡೆಯದೆ ನಡಾವಳಿ ಪುಸ್ತಕ ಸದಸ್ಯರ ಮನೆಗೆ ಹೋಗಿ ಸಹಿ ಮಾಡಿಸಿಕೊಂಡು ಬರುತ್ತದೆ. ಕೂಲಿಗೆ ಹೋಗುವ ತಾಯಂದಿರು ಹನ್ನೊಂದು ಗಂಟೆ ಸಭೆಗೆ ಹೇಗೆ ಬರುತ್ತಾರೆ? ಸಂಜೆ ಇಡಿ. ಲೆಕ್ಕವನ್ನು ಜೋರಾಗಿ ಓದಿ ಹೇಳಿ. ಓದಲು ಬಾರದವರೇ ಒಳ್ಳೊಳ್ಳೆ ಪ್ರಶ್ನೆ ಕೇಳುತ್ತಾರೆ.

ಯಾರಾದರೂ ದಿನಾ ತಡವಾಗಿ ಬಂದರೆ? ಮಕ್ಕಳ ಮುಂದೆ ಅನ್ನಬೇಡಿ. ಸಂಜೆ ಒಬ್ಬರನ್ನೇ ಕೂರಿಸಿಕೊಂಡು ಮನೆಯಲ್ಲಿ ಏನಾದರೂ ತೊಂದರೆಯಾ ಎಂದು ಕೇಳಿ. ಕಾರಣ ಇದ್ದರೆ ದಾರಿ ಹುಡುಕಿ. ಇಲ್ಲದಿದ್ದರೆ ನಾಳೆಯಿಂದ ಬೆಲ್ ಹೊತ್ತಿಗೆ ಬರಬೇಕು ಎಂದು ನೇರವಾಗಿ ಹೇಳಿ. ಆ ಪೀರಿಯಡ್ ಮಕ್ಕಳದ್ದು. ಅದನ್ನು ಬಿಟ್ಟುಕೊಡುವ ಹಕ್ಕು ಅವರಿಗೂ ಇಲ್ಲ, ನಿಮಗೂ ಇಲ್ಲ.

ಹಾಲಿನ ಸಂಘದ ಕಾರ್ಯದರ್ಶಿ, ಮಂಡ್ಯ ಕಡೆ

ನಾನು ಮೇಷ್ಟ್ರಲ್ಲ, ಆದರೂ ಹೇಳುತ್ತೇನೆ. ನಮ್ಮಲ್ಲಿ ಹಾಲು ಹಾಕುವ ರೈತರೇ ಸದಸ್ಯರು, ಸಂಘ ಅವರದ್ದು. ನಾನು ಅವರ ಸಂಬಳ ತಿನ್ನುವವನು. ಆದರೆ ಬೆಳಗಾದರೆ ಫ್ಯಾಟ್ ನೋಡುವ ಮಿಷನ್ ನನ್ನ ಕೈಯಲ್ಲಿ ಇರುತ್ತದೆ. ಕ್ಯಾನ್ ಹಿಡಿದು ನಿಂತ ಅಜ್ಜಿ ನನ್ನನ್ನೇ ಮಾಲೀಕ ಎಂಬಂತೆ ನೋಡುತ್ತಾರೆ. ಅದು ನನಗೆ ಸಂಕಟ ಆಗುತ್ತಿತ್ತು. ಡಿಸ್‌ಪ್ಲೇಯನ್ನು ಹಾಲು ಹಾಕುವವರ ಕಡೆಗೆ ತಿರುಗಿಸಿ ಇಟ್ಟೆ. ಚೀಟಿ ಕೊಡುವಾಗ ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಇಷ್ಟು ಎಂದು ಬಾಯಲ್ಲೂ ಹೇಳುತ್ತೇನೆ. ನಿರ್ದೇಶಕರ ಮನೆ ಹಾಲು ನೀರಾಗಿದ್ದರೆ ಅದೂ ವಾಪಸ್. ಒಂದಷ್ಟು ದಿನ ಮುಖ ಊದಿಸಿಕೊಂಡಿದ್ದರು. ವಾರ್ಷಿಕ ಸಭೆಯಲ್ಲಿ ಲೆಕ್ಕದ ಮೇಲೆ ಜಗಳ ಕಮ್ಮಿಯಾಗಿದೆ. ನಿಮ್ಮ ಶಾಲೆಗೆ ಬರುವ ಅನುದಾನದ ಲೆಕ್ಕವನ್ನೂ ಬೋರ್ಡಿಗೆ ಹಚ್ಚಿ ಮೇಡಂ.

ಸಾಫ್ಟ್‌ವೇರ್ ಟೀಮ್ ಮ್ಯಾನೇಜರ್, ಬೆಂಗಳೂರು

ನನಗೆ ದಾರಿ ತೋರಿಸಿದ್ದು ಸತೀಶ್ ಧವನ್ ಅವರ ಕಥೆ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಮೊದಲ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತು. ಯೋಜನೆ ಅಬ್ದುಲ್ ಕಲಾಂ ಅವರದ್ದು. ಪತ್ರಕರ್ತರ ಮುಂದೆ ಕೂತು ಹೊಣೆ ಹೊತ್ತವರು ಆಗಿನ ಇಸ್ರೋ ಅಧ್ಯಕ್ಷ ಧವನ್. 1980ರ ಜುಲೈ 18ರಂದು ಮುಂದಿನ ಎಸ್‌ಎಲ್‌ವಿ-3ರಲ್ಲಿ ರೋಹಿಣಿ ಉಪಗ್ರಹ ಕಕ್ಷೆ ಸೇರಿತು. ಆಗ ಮಾತಾಡಲು ಕಲಾಂ ಅವರನ್ನೇ ಮುಂದೆ ಕಳಿಸಿದರು. ಕಲಾಂ ಇದನ್ನು ಎಷ್ಟೋ ಕಡೆ ಹೇಳಿದ್ದಾರೆ. ಇದರಲ್ಲಿ ನಾವು ಮರೆಯುವ ಭಾಗ ಒಂದಿದೆ. ಹೊರಗೆ ಹೊಣೆ ಹೊತ್ತರೂ, ಒಳಗೆ ಎಲ್ಲಿ ಕೆಟ್ಟಿತು ಎಂದು ಹುಡುಕುವುದನ್ನು ಬಿಡಲಿಲ್ಲ. ಕಾರಣ ತಿಳಿದ ಮೇಲೇ ಮುಂದಿನ ರಾಕೆಟ್. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಬಂದು ಏನಾದರೂ ಕೇಳಿದರೆ ಶಿಕ್ಷಕರ ಹೆಸರು ಹೇಳಬೇಡಿ, ನೀವೇ ಉತ್ತರ ಕೊಡಿ. ಅವರು ಹೋದ ಮೇಲೆ ಆ ಶಿಕ್ಷಕರ ಜೊತೆ ಕೂತು ಬಿಡಿಸಿ ನೋಡಿ. ಫಲಿತಾಂಶ ಚೆನ್ನಾಗಿ ಬಂದ ದಿನ ಅವರನ್ನೇ ಕರೆದು ಮಾತಾಡಿಸಿ.

ಕೇಳಿದವರು

ಎಲ್ಲರಿಗೂ ನಮಸ್ಕಾರ. ಸರದಿ ಪಟ್ಟಿ ನಾಳೆಯೇ ಹಚ್ಚುತ್ತೇನೆ. ಹಿರಿಯರಲ್ಲಿ ಒಬ್ಬರು ಮಾತ್ರ ಏನು ಹೇಳಿದರೂ "ನೀನೇ ಮಾಡ್ಕೋಮ್ಮ" ಅನ್ನುತ್ತಾರೆ. ಏನು ಮಾಡಲಿ?

ಪ್ರೌಢಶಾಲಾ ಮುಖ್ಯ ಶಿಕ್ಷಕ, ಧಾರವಾಡ ಜಿಲ್ಲೆ

ಹಾಗಂದರೆಂದು ನೀವೇ ಮಾಡಲು ಹೋಗಬೇಡಿ. ಯಾರಿಗೂ ಬೇಡದ ಪೀರಿಯಡ್ ನೀವು ತೆಗೆದುಕೊಳ್ಳಿ ಎಂದು ಮೇಲಿನ ತುಮಕೂರಿನ ಅಕ್ಕಾರು ಹೇಳಿದ್ದೊಂದಕ್ಕೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕಷ್ಟದ್ದನ್ನೆಲ್ಲ ನೀವೇ ಹೊತ್ತರೆ ಆಫೀಸು ಕೆಲಸ ಬಾಕಿ ಬೀಳುತ್ತದೆ. ಉಳಿದವರೂ ಕೈ ಕಟ್ಟಿ ಕೂರುವುದನ್ನು ಕಲಿಯುತ್ತಾರೆ. ಒಂದು ಪೀರಿಯಡ್ ಸಾಕು.

ಆ ಹಿರಿಯರಿಗೆ ಅವರು ಬಲ್ಲ ಕೆಲಸವನ್ನೇ ಪೂರ್ತಿ ಒಪ್ಪಿಸಿ. ನಮ್ಮಲ್ಲಿ ಇಂಥ ಒಬ್ಬರಿಗೆ ಶಾಲಾ ತೋಟ ಬಿಟ್ಟುಕೊಟ್ಟೆ, ನಡುವೆ ಕೈ ಹಾಕಲಿಲ್ಲ. ಈಗ ಬಿಸಿಯೂಟಕ್ಕೆ ಸೊಪ್ಪು, ನುಗ್ಗೆಕಾಯಿ ಅಲ್ಲಿಂದಲೇ ಬರುತ್ತದೆ. ಸಭೆಗೂ ತಾವಾಗಿಯೇ ಬರುತ್ತಾರೆ. "ಸರ್, ಇದು ನಿಮ್ಮಿಂದಲೇ ಆಗಬೇಕು" ಎಂದು ಕೇಳಿ, ಯಾವ ದಿನಕ್ಕೆ ಬೇಕು ಎಂಬುದನ್ನೂ ಹೇಳಿ. ಆಮೇಲೂ ಮಾಡದಿದ್ದರೆ ಎರಡು ಸಲ ಬಾಯಲ್ಲಿ, ಮೂರನೇ ಸಲ ಬರವಣಿಗೆಯಲ್ಲಿ ಕೊಡಿ. ವಯಸ್ಸಿಗೆ ಮರ್ಯಾದೆ ಕೊಟ್ಟೇ ಇದನ್ನು ಮಾಡಬಹುದು.

ಇನ್ನೊಂದು. ಎಸ್‌ಡಿಎಂಸಿ ಖಾತೆಯ ಚೆಕ್ಕಿಗೆ ಅಧ್ಯಕ್ಷರ ಜೊತೆ ನಿಮ್ಮ ಸಹಿಯೂ ಬೇಕಾಗುತ್ತದೆ. ಎಷ್ಟೇ ಒತ್ತಾಯ ಬಂದರೂ ಸಭೆಯ ನಡಾವಳಿ ಬರೆಯದೆ ಸಹಿ ಹಾಕಬೇಡಿ. ಖಾಲಿ ಚೆಕ್ಕಿಗಂತೂ ಬೇಡವೇ ಬೇಡ.